ಚಾರ್ಟಿನ ಮೂರನೇ ಕಾಲಂ

ನಮ್ಮ ಸಂಡೇ ಸ್ಕೂಲಿನ ಗೋಡೆಯ ಮೇಲೆ ಒಂದು ಚಾರ್ಟ್ ಇತ್ತು. ಬಿಳಿ ಡ್ರಾಯಿಂಗ್ ಶೀಟು, ಸ್ಕೆಚ್ ಪೆನ್ನಿನ ಅಕ್ಷರ, ಮೇಲೊಂದು ಪ್ಲಾಸ್ಟಿಕ್ ಹಾಳೆ. ಎಡಗಡೆ 'ಪ್ರವಾದನೆ', ಅಂದರೆ ಹಳೆಯ ಒಡಂಬಡಿಕೆಯ ಪ್ರವಾದಿಗಳ ಮಾತು. ಬಲಗಡೆ 'ನೆರವೇರಿಕೆ', ಅಂದರೆ ಅದು ಯೇಸುವಿನಲ್ಲಿ ನಿಜವಾಯಿತು ಅನ್ನುವ ಸುವಾರ್ತೆಯ ವಚನ. 'ಕನ್ಯೆ ಬಸುರಾಗಿ ಮಗನನ್ನು ಹೆರುವಳು' ಅನ್ನುವ ಯೆಶಾಯ 7:14, ಅದರೆದುರು ಮತ್ತಾಯ 1:23. ಮೀಕ 5:2, ಅದರೆದುರು ಮತ್ತಾಯ 2:6. ಹೋಶೇಯ 11:1, ಅದರೆದುರು ಮತ್ತಾಯ 2:15. ಹೀಗೆ ಹನ್ನೆರಡು ಸಾಲು. ಬರೆದವಳು ನಾನೇ. ಪ್ರತಿ ಡಿಸೆಂಬರಿನಲ್ಲಿ ಧೂಳು ಒರೆಸಿ, ಮಕ್ಕಳಿಗೆ ಬಾಯಿಪಾಠ ಮಾಡಿಸಿ, ಪಾಠ ಮುಗಿಯಿತು ಅಂತ ನಾಟಕದ ಪ್ರಾಕ್ಟೀಸಿಗೆ ಇಳಿಯುತ್ತಿದ್ದೆ.

ಆ ವರ್ಷ ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲದ ಮೊದಲ ಭಾನುವಾರ ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಕೈ ಎತ್ತಿದ. ಪ್ರಸಂಗ ಬೇಜಾರಾಗಿ ಯೆಶಾಯನ ಏಳನೇ ಅಧ್ಯಾಯ ಪೂರ್ತಿ ಓದಿಬಿಟ್ಟಿದ್ದನಂತೆ.

"ಟೀಚರ್, ಇದು ಆಹಾಜ ರಾಜಗ ಕೊಟ್ಟ ಗುರುತು ಹೌದಲ್ರಿ? ಯೇಸುಸ್ವಾಮಿ ಹುಟ್ಟಿದ್ದು ಏಳುನೂರು ವರ್ಷ ಆದಮ್ಯಾಲೆ. ಅಷ್ಟೊತ್ತಿಗೆ ಆಹಾಜ ಸತ್ತು ಮಣ್ಣಾಗಿರ್ತಾನ. ಅವಂಗೇನ್ ಉಪಯೋಗ?"

ಕ್ಲಾಸು ನಕ್ಕಿತು. ನಾನೂ ನಕ್ಕೆ. "ಮುಂದಿನ ವಾರ ಹೇಳ್ತೀನಿ" ಅಂದೆ. ಉತ್ತರ ಗೊತ್ತಿಲ್ಲದ ಟೀಚರುಗಳಿಗೆಲ್ಲ ಇದೊಂದೇ ದಾರಿ.

ಮನೆಗೆ ಬಂದು ಆ ಅಧ್ಯಾಯ ತೆಗೆದೆ. ನಾಚಿಕೆಯ ವಿಷಯ, ಆದರೂ ಹೇಳಿಬಿಡುತ್ತೇನೆ: ಹದಿನಾಲ್ಕನೇ ವಚನ ನನಗೆ ಬಾಯಿಪಾಠ, ಅದರ ಹಿಂದೆ ಮುಂದೆ ಏನಿದೆ ಅಂತ ಒಮ್ಮೆಯೂ ನೋಡಿರಲಿಲ್ಲ. ಅಲ್ಲಿ ಯುದ್ಧ ನಡೆಯುತ್ತಿದೆ. ಸುಮಾರು ಕ್ರಿ.ಪೂ. 735ರ ಹೊತ್ತು. ಯೆರೂಸಲೇಮಿನಲ್ಲಿ ಆಹಾಜ ರಾಜ. ಅರಾಮಿನ ರೆಚೀನ, ಉತ್ತರದ ಇಸ್ರಾಯೇಲಿನ ಪೆಕಹ, ಇಬ್ಬರೂ ಒಂದಾಗಿ ಇವನನ್ನು ಇಳಿಸಿ ತಮಗೆ ಬೇಕಾದವನನ್ನು ಕೂರಿಸಲು ಹೊರಟಿದ್ದಾರೆ. ಸುದ್ದಿ ಕೇಳಿ ರಾಜನ ಎದೆ, ಪ್ರಜೆಗಳ ಎದೆ ಗಾಳಿಗೆ ಸಿಕ್ಕ ಕಾಡಿನ ಮರಗಳ ಹಾಗೆ ನಡುಗಿತು ಅಂತ ಬರೆದಿದೆ. ಯೆಶಾಯ ತನ್ನ ಮಗನನ್ನು ಕರೆದುಕೊಂಡು ರಾಜನನ್ನು ಕಾಣಲು ಹೋಗುವುದು ಅರಮನೆಗಲ್ಲ, ಮೇಲಣ ಕೆರೆಯ ಕಾಲುವೆಯ ಕೊನೆಗೆ, ಅಗಸರ ಹೊಲದ ದಾರಿಗೆ. ಮುತ್ತಿಗೆ ಬಿದ್ದರೆ ಊರಿಗೆ ಕುಡಿಯುವ ನೀರು ಹೇಗೆ ಅಂತ ರಾಜ ನೋಡಲು ಹೋಗಿದ್ದನೇನೋ. ಹೆದರಬೇಡ, ಅವರಿಬ್ಬರೂ ಹೊಗೆಯಾಡುವ ಕೊಳ್ಳಿಯ ತುಂಡುಗಳು ಅಷ್ಟೇ ಅನ್ನುತ್ತಾನೆ ಪ್ರವಾದಿ. ಗುರುತು ಕೇಳು ಅನ್ನುತ್ತಾನೆ. ಆಹಾಜ ಒಲ್ಲೆ ಅನ್ನುತ್ತಾನೆ. ಆಗ ಬರುತ್ತದೆ ನನ್ನ ಚಾರ್ಟಿನ ಸಾಲು. ಅದಾದ ಎರಡು ವಚನಕ್ಕೆ ಇನ್ನೊಂದು ಮಾತಿದೆ. ಆ ಕೂಸಿಗೆ ಒಳ್ಳೆಯದು ಕೆಟ್ಟದ್ದು ತಿಳಿಯುವಷ್ಟು ಬುದ್ಧಿ ಬರುವುದರೊಳಗೆ ನೀನು ಹೆದರುವ ಆ ಇಬ್ಬರು ರಾಜರ ನಾಡು ಹಾಳುಬೀಳುತ್ತದೆ.

ಹುಡುಗ ಹೇಳಿದ್ದು ಸರಿ. ಇದು ಗಡುವಿನ ಮಾತು. ಕೂಸು ದೊಡ್ಡದಾಗುವುದರೊಳಗೆ ಆಗಬೇಕಾದದ್ದು. ಆಯಿತು ಕೂಡ. ಕ್ರಿ.ಪೂ. 732ರಲ್ಲಿ ಅಶ್ಶೂರ್ಯರು ಅರಾಮಿನ ರಾಜಧಾನಿ ದಮಸ್ಕ ಹಿಡಿದರು, 722ರಲ್ಲಿ ಇಸ್ರಾಯೇಲಿನ ರಾಜಧಾನಿ ಸಮಾರ್ಯವೂ ಬಿತ್ತು. ಹಾಗಾದರೆ ನನ್ನ ಬಲಗಡೆಯ ಕಾಲಂ ಏನು ಮಾಡುತ್ತಿದೆ?

ಅವತ್ತು ರಾತ್ರಿ ಮೊಬೈಲಿನಲ್ಲಿ ಹೀಬ್ರೂ ಪಠ್ಯ ತೆಗೆದು ಕೂತೆ. ಪದದ ಕೆಳಗೆ ಪದದ ಅರ್ಥ ಕೊಡುವ ಪುಟಗಳಿರುತ್ತವಲ್ಲ, ಅಂಥದ್ದು. ಚಾರ್ಟಿನಲ್ಲಿ ನಾನು 'ಕನ್ಯೆ' ಅಂತ ಬರೆದ ಕಡೆ ಹೀಬ್ರೂವಿನಲ್ಲಿ 'ಅಲ್ಮಾ' ಅಂತ ಇದೆ. ಅಂದರೆ ಹರೆಯದ ಹುಡುಗಿ. ಗಂಡು ಮುಟ್ಟದವಳು ಅಂತ ಒತ್ತಿ ಹೇಳಬೇಕಾದರೆ ಸಾಮಾನ್ಯವಾಗಿ 'ಬೆತೂಲಾ' ಅನ್ನುತ್ತಾರಂತೆ. ಆದರೆ ಕ್ರಿಸ್ತನಿಗಿಂತ ಮುಂಚೆ ಯೆಹೂದ್ಯರೇ ಗ್ರೀಕಿಗೆ ಅನುವಾದ ಮಾಡಿದಾಗ ಇಲ್ಲಿ 'ಪಾರ್ಥೆನೊಸ್' ಅಂತ ಹಾಕಿದರು. ಅದು ಕನ್ಯತ್ವದ ಕಡೆಗೆ ವಾಲುವ ಪದ. ಮತ್ತಾಯನ ಕೈಯಲ್ಲಿದ್ದದ್ದು ಆ ಗ್ರೀಕು ಪಠ್ಯ. ಎರಡನೇ ಶತಮಾನದಲ್ಲಿ ಜಸ್ಟಿನ್ ಅನ್ನುವ ಕ್ರೈಸ್ತನಿಗೂ ಟ್ರೈಫೊ ಅನ್ನುವ ಯೆಹೂದ್ಯನಿಗೂ ಇದೇ ಪದದ ಮೇಲೆ ಜಗಳ. ಅದು ಬರೀ ಯುವತಿ, ಹುಟ್ಟಿದ್ದು ಆಹಾಜನ ಮಗ ಹಿಜ್ಕೀಯ ಅಂತ ಟ್ರೈಫೊ ವಾದ. ನೂರು ವರ್ಷ ಹಿಂದೆ ಮುಂದೆ ಅಲ್ಲ, ಸಾವಿರದ ಎಂಟುನೂರು ವರ್ಷದಿಂದ ಅದೇ ಜಗಳ. ಓದಿ ಓದಿ ತಲೆ ಕೆಟ್ಟುಹೋಯಿತು.

ಅಷ್ಟರಲ್ಲಿ ಹೊರಗಿನ ಕೋಣೆಯಿಂದ ಅತ್ತೆಯವರ ದನಿ. ಫೋನಿನಲ್ಲಿ ಯಾರ ಜೊತೆಗೋ ಮೈದುನನ ಮದುವೆಯ ಮಾತು. "ನಾಳೆ ಹುಬ್ಬಳ್ಳಿಗೆ ಕನ್ಯಾ ನೋಡಾಕ ಹೋಗೂದೈತ್ರಿ."

ಕನ್ಯಾ ನೋಡಾಕ! ನಾನು ಧಾರವಾಡದಲ್ಲೇ ಹುಟ್ಟಿ ಬೆಳೆದವಳು. ಸಾವಿರ ಸಲ ಕೇಳಿದ ಮಾತು. ಅತ್ತೆ ಅಲ್ಲಿ 'ಕನ್ಯಾ' ಅಂದದ್ದು ಮದುವೆಗೆ ಬಂದ ಹುಡುಗಿ ಅನ್ನುವ ಅರ್ಥದಲ್ಲಿ. ಇನ್ನೇನೂ ಅವರ ಮನಸ್ಸಿನಲ್ಲಿಲ್ಲ. ಅದೇ ಬಾಯಿ ಚರ್ಚಿನಲ್ಲಿ 'ಕನ್ಯಾಮರಿಯಳು' ಅಂದಾಗ ಅರ್ಥ ಬೇರೆ. ಪದ ಒಂದೇ. ಯಾರು, ಎಲ್ಲಿ, ಯಾವುದಕ್ಕೆ ಅಂದರು ಅನ್ನುವುದರ ಮೇಲೆ ಅದು ಅಗಲವಾಗುತ್ತದೆ, ಬಿಗಿಯಾಗುತ್ತದೆ. ತಕ್ಷಣ ಆದಿಕಾಂಡ 24 ತೆಗೆದೆ. ಅಬ್ರಹಾಮನ ಆಳು ಇಸಾಕನಿಗೆ ಹೆಣ್ಣು ಹುಡುಕಿಕೊಂಡು ಹೋಗಿ ಬಾವಿಯ ಹತ್ತಿರ ನಿಲ್ಲುವ ಕಥೆ. ಅಪ್ಪಟ ಕನ್ಯಾ ನೋಡೋ ಕಾರ್ಯಕ್ರಮ. ಅಲ್ಲಿ ರೆಬೆಕ್ಕಳನ್ನು 16ನೇ ವಚನ ಬೆತೂಲಾ ಅನ್ನುತ್ತದೆ, 43ನೇ ವಚನ ಅಲ್ಮಾ ಅನ್ನುತ್ತದೆ. ಹುಡುಗಿ ಒಬ್ಬಳೇ! ನಾನೊಬ್ಬಳೇ ಅಡುಗೆಮನೆಯಲ್ಲಿ ನಗುತ್ತಿದ್ದುದನ್ನು ನೋಡಿ ನನ್ನ ಗಂಡ ಏನಾಯಿತು ಅಂತ ಕೇಳಿದ. ಹೇಳಿದೆ. ಅವನಿಗೆ ಅಷ್ಟೇನೂ ನಗು ಬರಲಿಲ್ಲ.

ಇನ್ನೊಂದು ದಿನ ಯೆಶಾಯನ ಸುರುಳಿಯನ್ನೇ ನೋಡಿದೆ. 1947ರಲ್ಲಿ ಮೃತ ಸಮುದ್ರದ ದಡದ ಕುಮ್ರಾನ್ ಗುಹೆಯಲ್ಲಿ ಕುರುಬರಿಗೆ ಸಿಕ್ಕಿದ್ದು. ಏಳು ಮೀಟರಿಗಿಂತ ಉದ್ದದ ಚರ್ಮದ ಸುರುಳಿ, ಅರವತ್ತಾರು ಅಧ್ಯಾಯವೂ ಇದೆ. ಯೇಸು ಹುಟ್ಟುವುದಕ್ಕೆ ನೂರು ವರ್ಷಕ್ಕೂ ಮುಂಚೆ ಯಾರೋ ಕೂತು ನಕಲು ಮಾಡಿದ್ದು. ಈಗ ಜೆರುಸಲೇಮಿನ ಇಸ್ರೇಲ್ ಮ್ಯೂಸಿಯಂನಲ್ಲಿದೆ, ಫೋಟೋಗಳನ್ನು ಯಾರು ಬೇಕಾದರೂ ನೆಟ್ಟಿನಲ್ಲಿ ನೋಡಬಹುದು. ಬೆರಳಿನಿಂದ ದೊಡ್ಡದು ಮಾಡುತ್ತ, ಬಲದಿಂದ ಎಡಕ್ಕೆ ಅಕ್ಷರ ಕೂಡಿಸುತ್ತ ಹುಡುಕಿದೆ. ಮುಕ್ಕಾಲು ಗಂಟೆ ಹಿಡಿಯಿತು. ಹೇ, ಅಯಿನ್, ಲಾಮೆದ್, ಮೇಮ್, ಹೇ. 'ಹಾ ಅಲ್ಮಾ'. ಮೊದಲಿನ 'ಹಾ' ಅಂದರೆ 'ಆ'. ಒಬ್ಬ ಹುಡುಗಿ ಅಲ್ಲ, 'ಆ ಹುಡುಗಿ'. ಅಂದರೆ ಅವತ್ತು ಕಾಲುವೆಯ ಹತ್ತಿರ ನಿಂತವರಿಗೆ ಅವಳು ಯಾರು ಅಂತ ಗೊತ್ತಿದ್ದಿರಬಹುದು. ಆ ಚರ್ಮದ ಮೇಲಿನ ಮಸಿ ನೋಡುತ್ತಿದ್ದಾಗ ಮೈ ಜುಮ್ಮೆಂದಿತು. ಆದರೆ ನನ್ನ ಚಾರ್ಟಿಗೆ ಅದರಿಂದ ಸಹಾಯ ಆಗಲಿಲ್ಲ.

ಎರಡನೇ ಭಾನುವಾರ ನಾನು ತಪ್ಪು ಮಾಡಿದೆ. ಕಲಿತದ್ದನ್ನೆಲ್ಲ ಮಕ್ಕಳ ಮೇಲೆ ಸುರಿದುಬಿಟ್ಟೆ. ಅಲ್ಮಾ, ಪಾರ್ಥೆನೊಸ್, ಅಶ್ಶೂರ್ಯ, ಸುರುಳಿ, ಎಲ್ಲ. ಅದು ಸಾಲದು ಅಂತ ಕೀರ್ತನೆ 22ನ್ನೂ ಎಳೆದು ತಂದೆ. 'ನನ್ನ ಕೈಕಾಲುಗಳನ್ನು ಚುಚ್ಚಿದರು' ಅಂತ ಚಾರ್ಟಿನಲ್ಲಿ ಬರೆದಿದ್ದೆನಲ್ಲ, ಯೆಹೂದ್ಯರು ಕಾಪಾಡಿಕೊಂಡು ಬಂದ ಹೀಬ್ರೂ ಪಠ್ಯದಲ್ಲಿ ಆ ಜಾಗದಲ್ಲಿ 'ಸಿಂಹದ ಹಾಗೆ' ಅಂತ ಇದೆ. ವ್ಯತ್ಯಾಸ ಒಂದಕ್ಷರದ್ದು. ಗಿಡ್ಡ ಗೀಟು ಎಳೆದರೆ ಯೋದ್, ಅದನ್ನೇ ಸ್ವಲ್ಪ ಕೆಳಗೆ ಎಳೆದರೆ ವಾವ್. ನಹಾಲ್ ಹೆವೆರ್ ಅನ್ನುವ ಕಡೆ ಸಿಕ್ಕ ಹಳೆಯ ತುಣುಕಿನಲ್ಲಿ ಉದ್ದ ಗೀಟೇ ಇದೆ, ಅಂದರೆ ಸಿಂಹವಲ್ಲ, ಕ್ರಿಯಾಪದ. ಇಷ್ಟೆಲ್ಲ ಆದಮೇಲೂ ಸುವಾರ್ತೆಗಳನ್ನು ಬರೆದ ನಾಲ್ವರಲ್ಲಿ ಒಬ್ಬರೂ ಆ ಸಾಲನ್ನು ಎತ್ತಿಕೊಂಡೇ ಇಲ್ಲ. ಅದೇ ಕೀರ್ತನೆಯಿಂದ ಬಟ್ಟೆ ಹಂಚಿಕೊಂಡದ್ದನ್ನು ಎತ್ತಿಕೊಂಡಿದ್ದಾರೆ, 'ನನ್ನ ದೇವರೇ, ಯಾಕೆ ಕೈಬಿಟ್ಟೆ' ಅನ್ನುವುದನ್ನು ಎತ್ತಿಕೊಂಡಿದ್ದಾರೆ. ಇದನ್ನಲ್ಲ.

ಮಕ್ಕಳಿಗೆ ಖುಷಿಯೇ ಆಯಿತು. ಪತ್ತೇದಾರಿ ಕೆಲಸ ಯಾರಿಗೆ ಬೇಡ? ಆದರೆ ಬುಧವಾರದ ಹೊತ್ತಿಗೆ ಸುದ್ದಿ ಬಂತು. ಒಬ್ಬ ಮಗುವಿನ ತಂದೆ ಕಮಿಟಿಯವರ ಹತ್ತಿರ ಹೋಗಿ "ಟೀಚರು ಹುಡುಗರ ನಂಬಿಕಿ ಕೆಡಸಾಕತ್ತಾರ" ಅಂದಿದ್ದರಂತೆ. ನನಗೆ ಸಿಟ್ಟು ಬಂತು, ಅಳುವೂ ಬಂತು. ನಿಜ ಹೇಳಬೇಕೆಂದರೆ ಅವರ ಮಾತಿನಲ್ಲಿ ಅರ್ಧ ಸತ್ಯ ಇತ್ತು. ಕೆಡವಿದ್ದೆ, ಕಟ್ಟಿರಲಿಲ್ಲ.

ನಿವೃತ್ತರಾದ ನಮ್ಮ ಹಿರಿಯ ಪಾದ್ರಿ ಅಯ್ಯನವರ ಮನೆಗೆ ಹೋದೆ. ಹಿಂದೆ ಹೀಬ್ರೂ, ಗ್ರೀಕು ಎರಡನ್ನೂ ಕಲಿಸಿದವರು. ಅಮ್ಮನವರು ಗಿರ್ಮಿಟ್ಟು ತಂದಿಟ್ಟರು. ನಾನು ನನ್ನ ಪುರಾಣವನ್ನೆಲ್ಲ ಹೇಳಿದೆ. ಅಯ್ಯನವರು ಮಂಡಕ್ಕಿ ಅಗಿಯುತ್ತ ಕೇಳಿಸಿಕೊಂಡರು. ಕೊನೆಗೆ ಚಾರ್ಟಿನ ಫೋಟೋ ನೋಡಿ, "ಇದು ಲಗ್ನಪತ್ರಿಕಿ ಆತಲ್ಲವಾ" ಅಂದರು. "ಇಂಥಾ ದಿನ, ಇಂಥಾ ಊರು, ಇಂಥವರ ಮಗ. ಪ್ರವಾದಿಗಳು ಹಂಗ ಬರೆದಿಲ್ಲ. ಮತ್ತಾಯನೂ ಹಂಗ ಓದಿಲ್ಲ."

ಮತ್ತೆ ಹೇಗೆ ಓದಿದ? ಅವರು ಎದ್ದು ಗ್ರೀಕು ಹೊಸ ಒಡಂಬಡಿಕೆ ತಂದರು. 'ನೆರವೇರಿತು' ಅಂತ ನಾವು ಓದುವ ಕಡೆ ಮತ್ತಾಯನ ಪದದ ಮೊದಲ ಅರ್ಥ ತುಂಬುವುದು. ಅದೇ ಕ್ರಿಯಾಪದವನ್ನು ಮತ್ತಾಯ 13ರಲ್ಲಿ ಮೀನಿನ ಬಲೆಗೆ ಬಳಸುತ್ತಾನೆ. ಬಲೆ ತುಂಬಿದಾಗ ದಡಕ್ಕೆ ಎಳೆದರು ಅಂತ. ನಾನು ಬೆರಳಿಟ್ಟು ಎರಡೂ ಕಡೆ ನೋಡಿದೆ. ಹೌದು, ಒಂದೇ ಪದ. "ಯೆಶಾಯನ ಮಾತು ಆಹಾಜನ ಕಾಲಕ್ಕ ಖಾಲಿ ಇದ್ದಿಲ್ಲ. ಆವಾಗೂ ನೀರಿತ್ತು. ಮತ್ತಾಯ ಅನ್ನೂದು ಏನಂದ್ರ, ಈಗ ಕಂಠಮಟ ತುಂಬೇತಿ."

ನನ್ನ ಅನುಮಾನ ಪೂರ್ತಿ ಹೋಗಲಿಲ್ಲ. "ಅಲ್ರಿ ಅಯ್ಯನವರ, ಪದ ತಪ್ಪು ಓದಿ ಕಥಿ ಕಟ್ಟಿದಾನ ಅಂತಾರಲ್ಲರಿ" ಅಂದೆ. ಅದಕ್ಕೆ ಅವರು ಲೂಕನನ್ನು ತೋರಿಸಿದರು. ಮರಿಯಳು ಕನ್ಯೆಯಾಗಿದ್ದಾಗಲೇ ಬಸುರಾದಳು ಅಂತ ಲೂಕನೂ ಹೇಳುತ್ತಾನೆ, ಆದರೆ ಯೆಶಾಯನ ಆ ವಚನವನ್ನು ಎತ್ತಿಕೊಳ್ಳುವುದಿಲ್ಲ. ಅಂದರೆ ವಚನದಿಂದ ಕಥೆ ಹುಟ್ಟಿದ್ದಲ್ಲ, ಕಥೆ ಮೊದಲೇ ಇತ್ತು, ಮತ್ತಾಯ ಅದನ್ನು ಹಿಡಿದುಕೊಂಡು ಹಳೆಯ ಸುರುಳಿಗೆ ಹೋದ. ಇದು ನಂಬದವರನ್ನು ಒಪ್ಪಿಸುವ ಸಾಕ್ಷಿಯಲ್ಲ. ಅಯ್ಯನವರೂ ಹಾಗೆ ಹೇಳಲಿಲ್ಲ. ಆದರೆ ಓದಿನ ದಿಕ್ಕು ಯಾವುದು ಅಂತ ನನಗೆ ಅವತ್ತು ಗೊತ್ತಾಯಿತು. ನನ್ನ ಚಾರ್ಟು ಎಡದಿಂದ ಬಲಕ್ಕೆ ಓಡುತ್ತಿತ್ತು. ಮತ್ತಾಯ ಓದಿದ್ದು ಬಲದಿಂದ ಎಡಕ್ಕೆ, ಹೀಬ್ರೂ ಓದುವ ಹಾಗೆ.

ಮೂರನೇ ವಾರ ಹೋಶೇಯನನ್ನು ತೆಗೆದುಕೊಂಡೆವು. ಈ ಸಲ ನಾನು ಬಾಯಿ ಮುಚ್ಚಿಕೊಂಡೆ. ಅಧ್ಯಾಯ 11 ಪೂರ್ತಿ ಓದಿ, ಏನು ಕಾಣಿಸುತ್ತದೋ ಹೇಳಿ ಅಂದೆ. 'ಐಗುಪ್ತದಿಂದ ನನ್ನ ಮಗನನ್ನು ಕರೆದೆ' ಅನ್ನುವ ಸಾಲು ಎಲ್ಲರಿಗೂ ಸಿಕ್ಕಿತು. ಆಮೇಲೆ ಒಬ್ಬಳು ಹುಡುಗಿ ಮುಖ ಗಂಟಿಕ್ಕಿದಳು. "ಟೀಚರ್, ಮುಂದಿನ ವಚನದಾಗ ಆ ಮಗ ಬಾಳ ಅನ್ನೋ ಬ್ಯಾರೆ ದೇವರಿಗೆ ಬಲಿ ಕೊಟ್ಟ ಅಂತೈತ್ರಿ. ಯೇಸು ಹಂಗ ಮಾಡ್ಲಿಲ್ಲಲ್ರಿ?"

ಇಲ್ಲ. ಆ ಮಗ ಇಸ್ರಾಯೇಲ್ ಜನಾಂಗ. ಹೋಶೇಯ ಅಲ್ಲಿ ಮುಂದಾಗುವುದನ್ನು ಹೇಳುತ್ತಲೇ ಇಲ್ಲ, ಹಿಂದೆ ಆದದ್ದನ್ನು ನೆನೆಯುತ್ತಿದ್ದಾನೆ. ಮಗುವಿಗೆ ನಡೆಯಲು ಕಲಿಸಿದ ತಂದೆಯ ದುಃಖ ಅದು. ಇದು ಮತ್ತಾಯನಿಗೆ ಗೊತ್ತಿರಲಿಲ್ಲವೇ? ಯೆಹೂದ್ಯ ಓದುಗರಿಗೆ ಬರೆಯುವವನಿಗೆ? ಚೆನ್ನಾಗಿ ಗೊತ್ತಿತ್ತು. ಬೋರ್ಡಿನ ಮೇಲೆ ಮಕ್ಕಳಿಂದಲೇ ಎರಡು ಪಟ್ಟಿ ಬರೆಸಿದೆ. ಇಸ್ರಾಯೇಲ್ ಐಗುಪ್ತಕ್ಕೆ ಹೋಯಿತು, ಯೇಸು ಹೋದ. ಅವರು ಸಮುದ್ರ ದಾಟಿದರು, ಇವನು ಯೊರ್ದನಿನಲ್ಲಿ ಇಳಿದ. ಅವರು ಅಡವಿಯಲ್ಲಿ ನಲವತ್ತು ವರ್ಷ, ಇವನು ನಲವತ್ತು ದಿನ. ಅವರಿಗೆ ಬೆಟ್ಟದಲ್ಲಿ ಧರ್ಮಶಾಸ್ತ್ರ ಸಿಕ್ಕಿತು, ಇವನು ಬೆಟ್ಟ ಹತ್ತಿ ಕಲಿಸಿದ. ಮಗ ಎಡವಿದ ದಾರಿಯಲ್ಲೇ ಇನ್ನೊಬ್ಬ ಮಗ ಮತ್ತೆ ನಡೆಯುತ್ತಿದ್ದಾನೆ ಅನ್ನುವುದು ಮತ್ತಾಯನ ಓದು. ಭವಿಷ್ಯ ನಿಜವಾಯಿತಾ ಅಂತ ಟಿಕ್ ಹಾಕುವ ಓದು ಅಲ್ಲ.

ಹೀಗೆ ಓದುವುದು ಕ್ರೈಸ್ತರೇ ಕಂಡುಹಿಡಿದ ಚಮತ್ಕಾರವೂ ಅಲ್ಲ. ಕುಮ್ರಾನಿನ ಗುಹೆಗಳಲ್ಲೇ ಹಬಕ್ಕೂಕನ ಮೇಲೆ ಒಂದು ವ್ಯಾಖ್ಯಾನ ಸಿಕ್ಕಿದೆ. ಆ ಯೆಹೂದ್ಯ ಪಂಗಡದವರು ಹಬಕ್ಕೂಕ ಬಾಬೆಲಿನವರ ಬಗ್ಗೆ ಹೇಳಿದ್ದನ್ನು ತಮ್ಮ ಕಾಲದ ರೋಮನರಿಗೆ, ತಮ್ಮ ಗುರುವಿಗೆ, ಅವನ ವೈರಿಗೆ ಹೊಂದಿಸಿ ಓದುತ್ತಿದ್ದರು. ಮತ್ತಾಯ ಅದೇ ಕಾಲದ, ಅದೇ ಮನೆಯ ಓದುಗ.

ಜೆಕರ್ಯನ ಕತ್ತೆಯ ವಿಷಯ ಬೇಗ ಮುಗಿಯಿತು. ಕತ್ತೆಯ ಮೇಲೆ, ಕತ್ತೆಯ ಮರಿಯ ಮೇಲೆ ರಾಜ ಬರುತ್ತಾನೆ ಅಂತ ಹೀಬ್ರೂ ಪದ್ಯ ಒಂದನ್ನೇ ಎರಡು ಸಲ ಹೇಳುತ್ತದೆ. ನಮ್ಮ ಜೋಡುನುಡಿ ಇದ್ದ ಹಾಗೆ. ಬಟ್ಟೆಬರೆ ತಗೊಂಡು ಬಾ ಅಂದರೆ ಬಟ್ಟೆ ಬೇರೆ, ಬರೆ ಬೇರೆ ಯಾರೂ ತರುವುದಿಲ್ಲ ಅಲ್ವಾ? ಮಾರ್ಕ, ಲೂಕ, ಯೋಹಾನರಲ್ಲಿ ಒಂದೇ ಪ್ರಾಣಿ. ಮತ್ತಾಯ ಮಾತ್ರ ಎರಡನ್ನೂ ತರಿಸುತ್ತಾನೆ. ಯೇಸು ಎರಡರ ಮೇಲೂ ಹೇಗೆ ಕೂತ ಅಂತ ಒಬ್ಬ ಕುರ್ಚಿಗಳನ್ನಿಟ್ಟು ತೋರಿಸಿದ. ಅವತ್ತಿನ ಕ್ಲಾಸು ಅಲ್ಲಿಗೇ ಮುಗಿಯಿತು.

ನನಗೆ ಕಷ್ಟವಾದದ್ದು ಯೆಶಾಯ 53. ನೋವುಂಡ ಸೇವಕನ ಹಾಡು. ನಾವು ಶುಭ ಶುಕ್ರವಾರ ಅದನ್ನು ಓದಿದಾಗ ಚರ್ಚಿನಲ್ಲಿ ಸೂಜಿ ಬಿದ್ದರೂ ಕೇಳಿಸುತ್ತದೆ. ನನ್ನ ಮಟ್ಟಿಗೆ ಅಲ್ಲಿ ಯೇಸುವಿನ ಮುಖ ಬಿಟ್ಟು ಬೇರೆ ಕಾಣುವುದೇ ಇಲ್ಲ. ಆದರೆ ನಾಲ್ಕು ಅಧ್ಯಾಯ ಹಿಂದೆ, 49:3ರಲ್ಲಿ, 'ನೀನು ನನ್ನ ಸೇವಕ, ಇಸ್ರಾಯೇಲ್' ಅಂತ ನೇರವಾಗಿಯೇ ಇದೆ. ಯೆಹೂದ್ಯರು ಅದನ್ನು ಹಿಡಿದು ಸೇವಕ ಅಂದರೆ ತಮ್ಮ ಜನಾಂಗ ಅಂತ ಓದುತ್ತಾರೆ. ಮೂರನೇ ಶತಮಾನದಲ್ಲೇ ಓರಿಜೆನ್ ಅನ್ನುವ ಕ್ರೈಸ್ತ ಪಂಡಿತ, ಯೆಹೂದ್ಯರು ತನಗೆ ಹೀಗೆ ಹೇಳಿದರು ಅಂತ ಬರೆದಿಟ್ಟಿದ್ದಾನೆ. ಅದೇ ಅಧ್ಯಾಯದಲ್ಲಿ ಮೆಸ್ಸೀಯನನ್ನು, ಅಂದರೆ ಬರಬೇಕಾದ ರಾಜನನ್ನು, ಕಂಡ ಹಳೆಯ ಯೆಹೂದ್ಯ ಓದೂ ಇದೆ, ತರ್ಗುಮ್ ಅನ್ನುವ ಅರಾಮಿಕ್ ಅನುವಾದದಲ್ಲಿ. ತಮಾಷೆಯೆಂದರೆ ಅಲ್ಲಿ ಸೇವಕನೇನೋ ಮೆಸ್ಸೀಯ, ಆದರೆ ನೋವೆಲ್ಲ ಬೇರೆಯವರ ಪಾಲಿಗೆ ಹೋಗಿಬಿಟ್ಟಿದೆ.

ರಾಶಿ ಅನ್ನುವ ಯೆಹೂದ್ಯ ಪಂಡಿತನ ವ್ಯಾಖ್ಯಾನ ಅನುವಾದದಲ್ಲಿ ಸಿಕ್ಕಿತು. ರಾಶಿ ಫ್ರಾನ್ಸಿನ ಟ್ರಾಯ್ಸ್ ಊರಿನವನು, 1040ರಿಂದ 1105ರ ತನಕ ಬದುಕಿದವನು. ಅವನೂ ಸೇವಕನನ್ನು ಇಸ್ರಾಯೇಲ್ ಅಂತಲೇ ಓದುತ್ತಾನೆ. ಅವನ ಇಸವಿ ನೋಡಿ ಸುಮ್ಮನೆ ಕೂತೆ. 1096ರಲ್ಲಿ ಕ್ರೂಸೇಡಿಗೆ ಹೊರಟ ಗುಂಪುಗಳು ರೈನ್ ನದಿಯ ದಡದ ವರ್ಮ್ಸ್, ಮೈನ್ಸ್ ಊರುಗಳಲ್ಲಿ ಯೆಹೂದ್ಯರನ್ನು ಕೊಂದವು. ರಾಶಿ ಓದು ಕಲಿತ ಊರುಗಳು ಅವು. ಬಟ್ಟೆಯ ಮೇಲೆ ಶಿಲುಬೆ ಹೊಲಿದುಕೊಂಡವರು ಕೊಂದದ್ದು. ಕೊಲ್ಲಲು ಒಯ್ದರೂ ಬಾಯಿ ತೆರೆಯದ ಕುರಿಮರಿ ಅನ್ನುವ ಸಾಲನ್ನು ಅಂಥವನು ಓದಿದರೆ ಅವನ ಕಣ್ಣಿಗೆ ಯಾರು ಕಾಣಬೇಕು? 1263ರಲ್ಲಿ ಬಾರ್ಸಿಲೋನಾದಲ್ಲಿ ರಾಜನ ಎದುರು ನಡೆದ ವಾದದಲ್ಲಿ ನಹ್ಮಾನಿಡಿಸ್ ಅನ್ನುವ ರಬ್ಬಿಗೆ ಇದೇ ವಚನಗಳಿಗೆ ಉತ್ತರ ಕೊಡು ಅಂತ ಒತ್ತಾಯ ಮಾಡಲಾಯಿತು. ಪ್ರವಾದನೆಯ ಪಟ್ಟಿಯನ್ನು ದೊಣ್ಣೆ ಮಾಡಿಕೊಂಡವರು ನಮ್ಮವರೇ. ಮೊದಲು ಈ ಮಾತುಗಳನ್ನು ಕೇಳಿದವರಿಗೆ, ಎರಡೂವರೆ ಸಾವಿರ ವರ್ಷ ಕೈಯಿಂದ ನಕಲು ಮಾಡಿ ಉಳಿಸಿದವರಿಗೆ, ನನ್ನ ಚಾರ್ಟಿನಲ್ಲಿ ಒಂದು ಕಾಲಂ ಕೂಡ ಇರಲಿಲ್ಲ.

ಇದನ್ನೆಲ್ಲ ಅಯ್ಯನವರಿಗೆ ಫೋನಿನಲ್ಲಿ ಹೇಳಿದೆ. "ಹಂಗಾದ್ರ ಶುಭ ಶುಕ್ರವಾರ ನಾವು ಅದನ್ನ ಓದಬಾರದೇನ್ರಿ?" ಅಂತ ಕೇಳಿದೆ.

"ಯಾಕ ಓದಬಾರದು? ಎಮ್ಮಾಹು ಊರಿನ ದಾರ್ಯಾಗ ಹೊಂಟ ಇಬ್ಬರು ಶಿಷ್ಯರಿಗೆ ಪ್ರವಾದಿಗಳ ಮಾತು ಗೊತ್ತಿದ್ದಿಲ್ಲೇನು? ಸಣ್ಣವರಿದ್ದಾಗಿಂದ ಕೇಳಿದ್ರು. ಯೇಸು ಸತ್ತದ್ದು ನೋಡಿದಮ್ಯಾಲೆ, ಮತ್ತ ಜೀವಂತ ಎದ್ದುಬಂದ ಆತನ ಕೂಡ ನಡದಮ್ಯಾಲೆ ಅವರಿಗೆ ಅದು ಬ್ಯಾರೆ ಕಂಡ್ತು. ಮದಲ ಕಂಡಿದ್ದಿಲ್ಲ. ಕಾಣದವರಿಗೆ ಬೈಯೂ ಹಂಗಿಲ್ಲ. ನಿನಗ ಕಂಡದ್ದನ್ನ ನೀ ಓದು."

ಆ ರಾತ್ರಿ ಮತ್ತೆ ಸುರುಳಿಯ ಫೋಟೋ ತೆಗೆದು 53ನೇ ಅಧ್ಯಾಯ ಹುಡುಕಿದೆ. ಹನ್ನೊಂದನೇ ವಚನದಲ್ಲಿ ಒಂದು ಪದ ಇದೆ, 'ಓರ್', ಬೆಳಕು. ನೋವಿನ ನಂತರ ಅವನು ಬೆಳಕು ನೋಡುವನು. ಮುಂದೆ ಬಳಕೆಗೆ ಬಂದ ಹೀಬ್ರೂ ಪಠ್ಯದಲ್ಲಿ ಆ ಪದ ಇಲ್ಲ, ಬರೀ 'ನೋಡುವನು' ಅಂತ ಇದೆ. ಗ್ರೀಕು ಅನುವಾದದಲ್ಲಿ ಬೆಳಕು ಇದೆ. ಮೂರೇ ಅಕ್ಷರ. ಅಷ್ಟು ಹೊತ್ತಿಗೆ ಓದುವುದು ಸ್ವಲ್ಪ ಸುಲಭವಾಗಿತ್ತು, ಹತ್ತು ನಿಮಿಷದಲ್ಲಿ ಸಿಕ್ಕಿತು.

ನಾಲ್ಕನೇ ಭಾನುವಾರ ಪ್ಲಾಸ್ಟಿಕ್ ಹಾಳೆ ಕಿತ್ತು ಚಾರ್ಟನ್ನು ಕೆಳಗಿಳಿಸಿದೆವು. ಹೊಸ ಶೀಟು, ಮೂರು ಕಾಲಂ. ನಡುವಿನ ಕಾಲಮ್ಮಿಗೆ 'ಮೊದಲು ಯಾರಿಗೆ?' ಅಂತ ಹೆಸರು ಕೊಟ್ಟವನು ಆ ಮೊದಲ ದಿನದ ಹುಡುಗನೇ. ಕಮಿಟಿಗೆ ದೂರು ಕೊಟ್ಟ ತಂದೆಯೂ ಬಂದು ಹಿಂದೆ ನಿಂತಿದ್ದರು. ಏನೂ ಮಾತಾಡಲಿಲ್ಲ. ಮಗಳಿಗೆ ಸ್ಕೆಚ್ ಪೆನ್ನಿನ ಮುಚ್ಚಳ ತೆಗೆದುಕೊಟ್ಟರು.

ಯೆಶಾಯ 7:14ರ ಎದುರು ಹುಡುಗ ಬರೆದ: ಆಹಾಜ, ಕಾಲುವೆ ಹತ್ತಿರ, ಕ್ರಿ.ಪೂ. 735, ಭಾಳ ಹೆದರಿದ್ದ. ಹೋಶೇಯನ ಎದುರು: ಎಲ್ಲಾ ಇಸ್ರಾಯೇಲ್ಯರು. ಮೀಕನ ಎದುರು: ಬೇತ್ಲೆಹೇಮ್, ಸಣ್ಣ ಊರು. ಯೆಶಾಯ 53ರ ಎದುರು ಮಾತ್ರ ಖಾಲಿ ಬಿಟ್ಟರು. ಏನು ಬರೆಯೋದು ಅಂತ ಗಲಾಟೆ. ಇಸ್ರಾಯೇಲ್ ಅಂತ ಒಬ್ಬ, ಯೇಸು ಅಂತ ಇನ್ನೊಬ್ಬ, ಪ್ರವಾದಿನೇ ಅಂತ ಮತ್ತೊಬ್ಬ. ಕೊನೆಗೆ ಬಾಳನ ವಿಷಯ ಕೇಳಿದ್ದಳಲ್ಲ, ಆ ಹುಡುಗಿ ಅಪೊಸ್ತಲರ ಕೃತ್ಯಗಳು ಎಂಟನೇ ಅಧ್ಯಾಯ ತೆಗೆದಳು. ರಥದಲ್ಲಿ ಕೂತು ಇದೇ ಭಾಗ ಓದುತ್ತಿದ್ದ ಐಥಿಯೋಪ್ಯದ ಕಂಚುಕಿ ಫಿಲಿಪ್ಪನನ್ನು ಕೇಳಿದ ಪ್ರಶ್ನೆಯನ್ನು ತನ್ನ ಮಾತಿನಲ್ಲಿ ದುಂಡಗೆ ಬರೆದಳು: 'ಪ್ರವಾದಿ ಇದನ್ನ ಯಾರ ಬಗ್ಗೆ ಹೇಳ್ಯಾನ? ತನ್ನ ಬಗ್ಗೆನೋ, ಬೇರೆ ಯಾರದರ ಬಗ್ಗೆನೋ?' ಜಾಗ ಸಾಲದೆ ಕೊನೆಯ ಪದ ಪಕ್ಕದ ಕಾಲಮ್ಮಿಗೆ ಹೋಯಿತು.